ಶಾಲಾಸುರನ ಗೆಲುವು

ಹತ್ತನೇ ತರಗತಿಯ ಬೀಳ್ಕೊಡುಗೆ ಎಂದರೆ ಕಣ್ಣೀರಿನ ಕಾರ್ಯಕ್ರಮ ಎಂದು ಎಲ್ಲರೂ ಹೇಳುತ್ತಾರೆ. ಸ್ವಾಗತ ಭಾಷಣದವರು ‘ಭಾರವಾದ ಹೃದಯದಿಂದ’ ಎಂದು ಶುರು ಮಾಡುತ್ತಾರೆ, ಧನ್ಯವಾದ ಹೇಳುವವರು ‘ತುಂಬಿದ ಕಣ್ಣುಗಳಿಂದ’ ಎಂದು ಮುಗಿಸುತ್ತಾರೆ, ನಡುವೆ ಯಾರೂ ಎದ್ದು ಆಕ್ಷೇಪಿಸುವುದಿಲ್ಲ. ನಾನು ಆಕ್ಷೇಪಿಸುತ್ತೇನೆ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಬೀಳ್ಕೊಡುಗೆಗಳನ್ನು ಬಹಳ ಹತ್ತಿರದಿಂದ, ಅಂದರೆ ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಿಂದ, ನೋಡಿದ್ದೇನೆ. ಹೃದಯ ನಿಜಕ್ಕೂ ಭಾರವಾಗಿದ್ದರೆ ಯಾರೂ ಮೂರು ಸಲ ಪಲಾವ್ ಹಾಕಿಸಿಕೊಳ್ಳುವುದಿಲ್ಲ. ಒಬ್ಬನ ಬಿಳಿ ಅಂಗಿಯ ಬೆನ್ನ ಮೇಲೆ ‘ನನ್ನನ್ನು ಎಂದೂ ಮರೆಯಬೇಡ’ ಎಂದು ಬರೆದವನು ಅದರ ಕೆಳಗೇ ‘ನನ್ನ ಕಂಪಾಸ್ ಬಾಕ್ಸ್ ವಾಪಸ್ ಕೊಡು’ ಎಂದು ಬರೆದದ್ದನ್ನು ನಾನೇ ಓದಿದ್ದೇನೆ. ಇನ್ನು ಅಳು. ಅದು ಮೈಕ್ ಕೈಗೆ ಬಂದಾಗ ಬರುತ್ತದೆ, ಕರೆಂಟು ಹೋದರೆ ನಿಲ್ಲುತ್ತದೆ.

ಆಕ್ಷೇಪಿಸುವ ಈ ಚಾಳಿ ನನಗೆ ಹತ್ತಿದ್ದು ಮೂಡುಬಿದಿರೆಯಲ್ಲಿ, ಕಾಲೇಜಿನ ದಿನಗಳಲ್ಲಿ. ಚರ್ಚಾಸ್ಪರ್ಧೆ ಎಲ್ಲಿದ್ದರೂ ನಾನಿರುತ್ತಿದ್ದೆ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ತಿಳಿಯುತ್ತಿತ್ತು, ನನ್ನ ಅಭಿಪ್ರಾಯ ಏನೆಂಬುದು ನನಗೂ ಆಮೇಲೆಯೇ ತಿಳಿಯುತ್ತಿತ್ತು. ಗೆದ್ದ ಫಲಕಗಳನ್ನು ಒರೆಸುವ ಕೆಲಸ ಅಮ್ಮನಿಗೆ ಬಿದ್ದದ್ದರಿಂದ ಅವರಿಗೆ ಈ ವಿದ್ಯೆಯ ಮೇಲೆ ಅಂಥ ಗೌರವವಿಲ್ಲ. “ಚಹಕ್ಕೆ ಸಕ್ಕರೆ ಸಾಕಾ ಅಂತ ಕೇಳಿದ್ರೆ ಇವಳದ್ದು ಒಂದು ಭಾಷಣ ಆಗ್ತದೆ, ಅಷ್ಟರಲ್ಲಿ ಚಹ ತಣ್ಣಗಾಗ್ತದೆ” ಎಂದು ಬಿ.ಸಿ.ರೋಡಿನ ನಮ್ಮ ನೆರೆಹೊರೆಗೆಲ್ಲ ಹೇಳಿಟ್ಟಿದ್ದಾರೆ. ಹಾಗೆಂದು ನಾನು ಸೋತೇ ಇಲ್ಲ ಎಂದಲ್ಲ. ಒಮ್ಮೆ ಬೆಳ್ತಂಗಡಿಯ ಬಸ್ಸಿನಲ್ಲಿ ಉಸಿರಾಡಲೂ ಎಡೆಯಿಲ್ಲದಾಗ ಕಂಡಕ್ಟರ್ “ಮುಂದೆ ಹೋಗಿ, ಮುಂದೆ ಜಾಗ ಉಂಟು” ಎಂದ. “ಎಲ್ಲಿ ಉಂಟು, ತೋರಿಸಿ ನೋಡುವ” ಎಂದೆ. “ನೀವು ಇಳಿದ್ರೆ ಉಂಟು ಅಕ್ಕ” ಎಂದ. ಇಡೀ ಬಸ್ಸು ಅವನಿಗೆ ಮತ ಹಾಕಿತು.

ಈಗ ನಾನು ಕಲಿಸುವ ಶಾಲೆ ಅಳದಂಗಡಿ ಮತ್ತು ನಾರಾವಿಯ ನಡುವೆ ಒಂದು ಗುಡ್ಡದ ಮೇಲಿದೆ. ಬಿಟ್ಟುಹೋಗುವ ಪ್ರತಿ ತಂಡವೂ ಶಾಲೆಗೆ ನೆನಪಿನ ಕಾಣಿಕೆಯಾಗಿ ಗೋಡೆ ಗಡಿಯಾರವನ್ನೇ ಕೊಡುವುದು ಅಲ್ಲಿನ ರೂಢಿ. ಹಾಗಾಗಿ ನಮ್ಮಲ್ಲಿ ಎಲ್ಲಿ ನೋಡಿದರೂ ಗಡಿಯಾರ, ಒಂದರ ಹೊತ್ತಿಗೂ ಇನ್ನೊಂದರ ಹೊತ್ತಿಗೂ ಸಂಬಂಧವಿಲ್ಲ. ಇದಲ್ಲದೆ ಇನ್ನೊಂದು ರೂಢಿ ಉಂಟು, ನಾನು ಬೇರೆಲ್ಲೂ ಕಾಣದ್ದು. ನಮ್ಮೂರಿನ ತಾಳಮದ್ದಳೆ ನಿಮಗೆ ಗೊತ್ತಿರಬಹುದು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತಿನಲ್ಲಿ ನಡೆಯುವ ಯಕ್ಷಗಾನ. ಬೀಳ್ಕೊಡುಗೆಯ ದಿನ ನಮ್ಮ ಮಕ್ಕಳು ಅಂಥದೊಂದು ಕೂಟ ಕಟ್ಟುತ್ತಾರೆ. ಶಾಲಾಸುರನೆಂಬ ರಕ್ಕಸ ಹತ್ತನೆಯವರನ್ನು ಸೆರೆಯಲ್ಲಿಟ್ಟಿದ್ದಾನೆ. ದಶಮಿ ಎಂಬ ರಾಜಕುಮಾರಿ ಬಂದು ವಾದಿಸಿ ಎಲ್ಲರನ್ನೂ ಬಿಡಿಸಿಕೊಂಡು ಹೋಗಬೇಕು. ದಶಮಿ ಹತ್ತನೆಯ ಒಬ್ಬ ವಿದ್ಯಾರ್ಥಿ, ಅಸುರ ಒಬ್ಬ ಶಿಕ್ಷಕ. ಮಾಷ್ಟ್ರುಗಳ ಬಗ್ಗೆ ಮೂರು ವರ್ಷ ನುಂಗಿಕೊಂಡದ್ದನ್ನೆಲ್ಲ ಮಕ್ಕಳು ಅವರೆದುರೇ ಹೇಳಬಹುದಾದ ದಿನ ಅದೊಂದೇ. ಒಂದು ವೇಳೆ ದಶಮಿ ಸೋತರೆ, ಶಾಲೆ ಪುನಃ ತೆರೆಯುವ ದಿನ ಇಡೀ ತಂಡ ಬಂದು ಅಂಗಳದ ಹುಲ್ಲು ತೆಗೆದು, ಹೊಸ ಮಕ್ಕಳಿಗೆ ಊಟ ಬಡಿಸಬೇಕು. ಆದರೆ ಅಲ್ಲಿಯವರೆಗೆ ಯಾವ ತಂಡವೂ ಸೋತಿರಲಿಲ್ಲ. ಸೋತ ಮೊದಲ ತಂಡ ಎಂಬ ಹೆಸರು ಯಾರಿಗೂ ಬೇಡವಾಗಿತ್ತು.

ಅಷ್ಟು ವರ್ಷ ಅಸುರನಾಗಿದ್ದವರು ನಮ್ಮ ಹೆಡ್‌ಮಾಷ್ಟ್ರು. ಕಳೆದ ಸಲ ಅವರ ಗಂಟಲು ಕೈಕೊಟ್ಟಿತು. ನನ್ನನ್ನು ಕರೆದು ಪಿಸುದನಿಯಲ್ಲೇ ಪಾತ್ರ ಒಪ್ಪಿಸಿದರು. “ಟೀಚರೇ, ಸ್ವಲ್ಪ ಹೊತ್ತು ಎಳೀರಿ. ಆದ್ರೆ ಕೊನೆಗೆ ಸೋಲ್ಲಿಕ್ಕುಂಟು, ನೆನಪಿರಲಿ” ಎಂದರು. “ನಾನು ಸೋಲುವ ಹಾಗೆ ಅವರು ವಾದ ಮಾಡಿದ್ರೆ ಖಂಡಿತ ಸೋಲ್ತೇನೆ ಸರ್” ಎಂದೆ. ಅವರು ನನ್ನ ಮುಖವನ್ನು ತುಸು ಹೆಚ್ಚೇ ಹೊತ್ತು ನೋಡಿದರು. ಗಂಟಲು ಸರಿಯಿದ್ದಿದ್ದರೆ ಇನ್ನೂ ಏನಾದರೂ ಹೇಳುತ್ತಿದ್ದರೋ ಏನೋ.

ಆ ವರ್ಷದ ದಶಮಿ ನಿಶ್ಮಿತಾ. ನಾರಾವಿಯ ಕಡೆಯಿಂದ ಬಸ್ಸಿನಲ್ಲಿ ಬರುವ, ದಪ್ಪ ಕನ್ನಡಕದ, ತರಗತಿಯಲ್ಲಿ ಕೇಳಿದರೆ ಮಾತ್ರ ಮಾತಾಡುವ ಹುಡುಗಿ. ಇವಳನ್ನು ಯಾಕೆ ಆರಿಸಿದರೋ ಎಂದುಕೊಂಡೆ. ಡೆಸ್ಕು ಮದ್ದಳೆಯಾಯಿತು, ಬಿಸಿಯೂಟದ ಬಟ್ಟಲು ಜಾಗಟೆಯಾಯಿತು, ನಿಶ್ಮಿತಾ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಅವಳ ಮೊದಲ ಮಾತಿಗೇ ನನಗೆ ಕಾರಣ ತಿಳಿಯಿತು.

“ಎಲವೋ ಶಾಲಾಸುರಾ, ನಿನ್ನ ರಾಜ್ಯದಲ್ಲಿ ಗೋಡೆಗೊಂದು ಗಡಿಯಾರ, ಗಡಿಯಾರಕ್ಕೊಂದು ಹೊತ್ತು. ನಮ್ಮ ಸೆರೆವಾಸದ ಅವಧಿ ಮುಗಿಯಲಿಲ್ಲವೆಂದು ಯಾವ ಗಡಿಯಾರ ನೋಡಿ ಹೇಳುತ್ತೀ?”

“ಮುಗಿಯಲಿಲ್ಲ ಎನ್ನುವ ಗಡಿಯಾರವನ್ನು ನೋಡಿ” ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ನನ್ನ ಬುದ್ಧಿ ಸ್ತಿಮಿತದಲ್ಲಿರುವುದಿಲ್ಲ ಎಂಬುದನ್ನು ಈ ಹಂತದಲ್ಲಿ ನಿಮಗೆ ಹೇಳಿಬಿಡುವುದು ಒಳ್ಳೆಯದು.

ಅವಳು ಅಳುಕಲಿಲ್ಲ. “ಹಾಗೋ! ನಿನ್ನ ಮಂತ್ರಿ ಗಣಿತಾಸುರನನ್ನು ಕೇಳು. ‘ಇದು ಬಹಳ ಸುಲಭ ಮಕ್ಕಳೇ’ ಎಂದು ಬೋರ್ಡಿನ ಕಡೆಗೆ ತಿರುಗುತ್ತಾನೆ. ಪೀರಿಯಡ್ ಮುಗಿಯುವವರೆಗೆ ನಮಗೆ ಅವನ ಬೆನ್ನಿನ ದರ್ಶನ. ಬೆಲ್ಲಾದ ಮೇಲೆ ‘ಉಳಿದದ್ದು ಹೋಂವರ್ಕ್’ ಎನ್ನುತ್ತಾನೆ. ತನ್ನಿಂದ ಆಗದ್ದನ್ನು ಮನೆಗೆ ಕಳುಹಿಸುವುದು ನಿನ್ನ ರಾಜ್ಯದ ನೀತಿ. ನಮ್ಮನ್ನು ತಿದ್ದುವುದು ನಿಮ್ಮಿಂದ ಆಗಲಿಲ್ಲ. ಅದೇ ನೀತಿಯಂತೆ ನಮ್ಮನ್ನೂ ಮನೆಗೆ ಕಳುಹಿಸು!”

ಗಣಿತದ ಸರ್ ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು. ನಾನು ಕೂಡ ನಕ್ಕೆ, ಆದರೆ ಒಳಗೆ ಬೆವರಿದೆ. ಎಂಥ ಕಟ್ಟು ಆ ವಾದಕ್ಕೆ! ಎದುರಾಳಿಯ ನಿಯಮವನ್ನೇ ಹಿಡಿದು ಎದುರಾಳಿಯನ್ನು ಕಟ್ಟಿಹಾಕುವುದನ್ನು ನಾನು ಕಲಿತದ್ದು ಡಿಗ್ರಿಯ ಕೊನೆಯ ವರ್ಷದಲ್ಲಿ, ಅದೂ ಒಮ್ಮೆ ಹೀನಾಯವಾಗಿ ಸೋತ ಮೇಲೆ. ಈ ಹುಡುಗಿ ಅದನ್ನು ಹಿಂದಿನ ಬೆಂಚಿನಲ್ಲಿ ಕುಳಿತು, ನಮ್ಮ ಬೆನ್ನು ನೋಡಿ ನೋಡಿಯೇ ಕಲಿತುಬಿಟ್ಟಿದ್ದಾಳೆ. ಮಕ್ಕಳು ಪಾಠ ಕೇಳುವುದಿಲ್ಲವೆಂದು ನಾವು ದೂರುತ್ತೇವೆ. ಅವರು ಪಾಠ ಮಾಡುವವರನ್ನು ಎಷ್ಟು ಗಮನವಿಟ್ಟು ನೋಡುತ್ತಾರೆಂದು ಬರೆಯುವ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ.

“ಇನ್ನು ನೀನು” ಎಂದು ನನ್ನ ಕಡೆ ಬೆರಳು ಮಾಡಿದಳು. “ಹೊಟ್ಟೆನೋವು ಎಂದವರ ಬಳಿ ‘ಆಧಾರ ಏನು?’ ಎಂದು ಕೇಳುವವನು!” ಹಾಗೆಂದು ಗಲ್ಲ ಮೇಲೆತ್ತಿ, ಪೆನ್ನಿನಿಂದ ಎಡ ಅಂಗೈಗೆ ಟಕ್ ಟಕ್ ಎಂದು ಬಡಿದಳು. ಸಭೆ ಹುಚ್ಚೆದ್ದು ನಕ್ಕಿತು. ನಾನೆಂದೂ ಹಾಗೆ ಮಾಡುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನನ್ನ ಪೆನ್ನು ನನ್ನ ಎಡ ಅಂಗೈಯ ಮೇಲೆ ಇರುವುದು ನನಗೇ ಕಂಡಿತು.

ಸೋಲಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಹೆಡ್‌ಮಾಷ್ಟ್ರು ಮೊದಲ ಸಾಲಿನಿಂದ ಕೈಸನ್ನೆಯನ್ನೂ ಮಾಡಿದರು. ಆದರೆ ಅಷ್ಟರಲ್ಲಿ ನನ್ನ ಕಣ್ಣು ಸಭೆಯ ಹಿಂದಿನ ಸಾಲಿಗೆ ಹೋಯಿತು. ಅಲ್ಲಿ ದೀಕ್ಷಿತ್, ಹತ್ತನೆಯ ತರಗತಿಯ ಅತಿ ಗಟ್ಟಿ ಆಸಾಮಿ, ವಾಲಿಬಾಲ್ ತಂಡದ ನಾಯಕ, ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ನನ್ನೊಳಗಿನ ಚರ್ಚಾಪಟು ಎದ್ದು ನಿಂತಳು.

“ದಶಮಿ! ನಿನ್ನ ಮಾತಿನಂತೆ ಇದು ಸೆರೆಮನೆ. ಆಗಲಿ. ಸೆರೆಯಿಂದ ಬಿಡುಗಡೆಯಾಗುವವರು ಎಲ್ಲಾದರೂ ಅಳುವುದುಂಟೇ? ಆಧಾರ ಬೇಕೇ? ನಿನ್ನ ವೀರ ದೀಕ್ಷಿತನ ಕಣ್ಣು ನೋಡು. ಅಳುವವರನ್ನು ಹೊರಗೆ ತಳ್ಳುವಷ್ಟು ಕೆಟ್ಟ ಅಸುರ ನಾನಲ್ಲ. ನೀವು ಹೋಗುವಂತಿಲ್ಲ!”

ಎಲ್ಲರೂ ಹಿಂದೆ ತಿರುಗಿದರು. ದೀಕ್ಷಿತನ ಕಣ್ಣು ಕೆಂಪಗೆ ಕೆಂಡದ ಹಾಗಿತ್ತು, ನೀರು ಇಳಿಯುತ್ತಲೇ ಇತ್ತು. ನಿಶ್ಮಿತಾ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಕೈ ಮುಗಿದು “ಅಸುರೇಂದ್ರಾ, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ” ಎಂದಳು. ಜಾಗಟೆಯ ಹುಡುಗ ಬಡಿಯುವುದನ್ನೇ ಮರೆತ. ಶಾಲೆಯ ಚರಿತ್ರೆಯಲ್ಲಿ ಮೊದಲ ಬಾರಿಗೆ ಶಾಲಾಸುರ ಗೆದ್ದಿದ್ದ. ಚಪ್ಪಾಳೆ ಮಾತ್ರ ಯಾವ ಕಡೆಯಿಂದಲೂ ಬರಲಿಲ್ಲ.

ಊಟದ ಹೊತ್ತಿಗೆ ಹೆಡ್‌ಮಾಷ್ಟ್ರ ಗಂಟಲು ಸಿಟ್ಟಿಗೇ ಸರಿಹೋಗಿತ್ತು. “ಎಂಥ ಟೀಚರೇ ನೀವು? ಮಕ್ಕಳ ಹತ್ರ ಗೆದ್ದು ಎಂಥ ಸಿಗ್ಲಿಕ್ಕುಂಟು? ಇಷ್ಟು ವರ್ಷ ನಾನು ಎಷ್ಟು ಚಂದ ಸೋತಿದ್ದೆ! ಪಾಪ, ಈ ಬ್ಯಾಚಿಗೆ ಸೋತವರು ಅಂತ ಹೆಸರು ಬಿತ್ತಲ್ಲ” ಎಂದರು. ಅಷ್ಟರಲ್ಲಿ ದೀಕ್ಷಿತ್ ಮೊಸರುಗೊಜ್ಜು ಬಡಿಸುತ್ತ ಬಂದ. ಎಲ್ಲರೆದುರು ಅವನ ಕಣ್ಣೀರನ್ನು ತೋರಿಸಿದ್ದಕ್ಕೆ ನನಗೆ ಒಂಥರಾ ಆಗಿತ್ತು.

“ಬೇಜಾರು ಮಾಡ್ಬೇಡ ದೀಕ್ಷಿತ್. ಅಳು ಬಂದ್ರೆ ನಾಚಿಕೆ ಪಡ್ಲಿಕ್ಕೆ ಎಂಥದ್ದೂ ಇಲ್ಲ” ಎಂದೆ.

“ಯಾರು ಟೀಚರ್ ಅತ್ತದ್ದು?” ಎಂದ ಅವನು. “ಅದು ನೀರುಳ್ಳಿ. ಈ ಗೊಜ್ಜಿಗೆ ಬೆಳಿಗ್ಗೆಯಿಂದ ಕೊಯ್ದದ್ದು ನಾನಲ್ವಾ? ಅದೇ ಕೈಯಲ್ಲಿ ಕಣ್ಣು ಉಜ್ಜಿ ಹೋಯ್ತು. ಈಗ್ಲೂ ಉರೀತಾ ಉಂಟು ಮಾರಾಯ್ರೆ!”

ನನ್ನ ತುತ್ತು ಅರ್ಧದಲ್ಲಿ ನಿಂತಿತು. “ನಿಶ್ಮಿತಾಳಿಗೆ ಗೊತ್ತಿತ್ತಾ?”

“ಗೊತ್ತಿಲ್ಲದೆ! ನನ್ನ ಎದುರು ಕೂತು ಕೊಯ್ದದ್ದು ಅವಳೇ. ಅವಳಿಗೆ ಕನ್ನಡಕ ಉಂಟಲ್ಲ, ಬಚಾವ್.”

ಅಂದರೆ ನನ್ನ ಗೆಲುವಿಗೆ ಇದ್ದ ಏಕೈಕ ಆಧಾರ ಒಂದು ತರಕಾರಿ. ‘ನೀರುಳ್ಳಿ’ ಎಂಬ ಒಂದೇ ಮಾತು ಸಾಕಿತ್ತು, ಅಸುರ ಅಲ್ಲೇ ಹತನಾಗುತ್ತಿದ್ದ. ಸಭೆ ವಾರಗಟ್ಟಲೆ ನಗುತ್ತಿತ್ತು. ಅಷ್ಟು ಹರಿತವಾದ ಅಸ್ತ್ರ ಕೈಯಲ್ಲಿದ್ದೂ ಪ್ರಯೋಗಿಸದೆ ಕೂರುವುದು ನನ್ನಿಂದ ಈ ಜನ್ಮದಲ್ಲಿ ಆಗದು. ಎದ್ದು ಹೋಗಿ ನಿಶ್ಮಿತಾಳನ್ನು ಹಿಡಿದೆ. “ನಾನು ಈಗಲೇ ಮೈಕಿನಲ್ಲಿ ಹೇಳ್ತೇನೆ. ತೀರ್ಪು ಬದಲಾಯಿಸುವ” ಎಂದೆ.

“ಬೇಡ ಟೀಚರ್” ಎಂದಳು ಪಲಾವ್ ಕಲಸುತ್ತ. “ಚರ್ಚೆಯಲ್ಲಿ ಸಮಯ ಮುಗಿದ ಮೇಲೆ ಹೊಸ ವಾದ ತರ್ಲಿಕ್ಕಿಲ್ಲ ಅಂತ ನೀವೇ ಅಲ್ವಾ ಹೇಳಿಕೊಟ್ಟದ್ದು?”

ಪರೀಕ್ಷೆ ಮುಗಿಯಿತು, ಫಲಿತಾಂಶ ಬಂತು, ಮಕ್ಕಳು ಚದುರಿದರು. ಶಾಲೆ ತೆರೆಯುವ ದಿನ ಅವರು ಬರಬಹುದೆಂದು ಸ್ಟಾಫ್‌ರೂಮಿನಲ್ಲಿ ಒಬ್ಬರೂ ನಂಬಿರಲಿಲ್ಲ. ನಾನೂ ನಂಬಿರಲಿಲ್ಲ. ಆಟದಲ್ಲಿ ಹಾಕಿದ ಶಿಕ್ಷೆಯನ್ನು ಯಾರು ಅನುಭವಿಸುತ್ತಾರೆ? ಬೆಳಗಿನ ಮೊದಲ ಬಸ್ಸಿಗೆ ಇಡೀ ತಂಡ ಇಳಿಯಿತು. ಕೆಲವರ ಮೈಮೇಲೆ ಮೂಡುಬಿದಿರೆಯ ಕಾಲೇಜಿನ ಹೊಚ್ಚ ಹೊಸ ಸಮವಸ್ತ್ರ, ಕೈಯಲ್ಲಿ ಹುಲ್ಲು ಕೊಯ್ಯುವ ಕತ್ತಿ. ಐ.ಟಿ.ಐ. ಸೇರಿದ್ದ ದೀಕ್ಷಿತ್ ಹೊಟ್ಟೆನೋವೆಂದು ರಜೆ ಹಾಕಿ ಬಂದಿದ್ದ. ಅಲ್ಲಿ ಯಾರೂ ಆಧಾರ ಕೇಳಲಿಲ್ಲವಂತೆ. ಹುಲ್ಲು ತೆಗೆದರು, ಪಾಯಸ ಬಡಿಸಿದರು. ಎಂಟನೆಯ ತರಗತಿಗೆ ಹೊಸದಾಗಿ ಸೇರಿ ಕಂಗಾಲಾಗಿದ್ದ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಯಾವ ನಲ್ಲಿಯಲ್ಲಿ ನೀರು ಬರುತ್ತದೆ, ಗಣಿತದ ಸರ್ ‘ಸುಲಭ’ ಎಂದರೆ ಎಷ್ಟು ಹೆದರಬೇಕು, ಎಲ್ಲವನ್ನೂ ಹೇಳಿಕೊಟ್ಟರು. ನಾವು ವರ್ಷವಿಡೀ ನಡೆಸುವ ಮಾರ್ಗದರ್ಶನವನ್ನು ಅವರು ಒಂದು ಪಾಯಸದಲ್ಲಿ ಮುಗಿಸಿದರು.

ಹೆಡ್‌ಮಾಷ್ಟ್ರು ಜಗಲಿಯಲ್ಲಿ ನಿಂತು ನೋಡುತ್ತಿದ್ದರು. “ಗೆದ್ದು ಹೋದ ಯಾವ ಬ್ಯಾಚಿನವರೂ ಒಟ್ಟಾಗಿ ಈ ಕಡೆ ತಲೆ ಹಾಕಿದ್ದಿಲ್ಲ ಟೀಚರೇ. ಬಂದದ್ದು ಇವ್ರು ಮಾತ್ರ” ಎಂದರು. ಅದನ್ನು ಕೇಳಿಸಿಕೊಂಡ ಈ ವರ್ಷದ ಹತ್ತನೆಯವನೊಬ್ಬ ನನ್ನ ಬಳಿ ಸುಳಿದು, “ಟೀಚರ್, ಈ ಸಲ ನಾವು ಸಹ ಸೋಲುದಾ?” ಎಂದು ಕೇಳಿದ. ಸೋಲಿಗೆ ಇಷ್ಟು ಬೇಡಿಕೆ ಬರಬಹುದೆಂದು ನನಗೆ ಯಾವ ಚರ್ಚಾಸ್ಪರ್ಧೆಯೂ ಕಲಿಸಿರಲಿಲ್ಲ.

ಸಂಜೆ ನಾರಾವಿಯ ಬಸ್ಸಿಗೆ ಕಾಯುತ್ತ ನಿಂತಿದ್ದ ನಿಶ್ಮಿತಾಳ ಬಳಿ ಹೋದೆ. ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಅವಳು ಚೀಲ ಹೆಗಲಿಗೇರಿಸಿ, ಕನ್ನಡಕ ಒರೆಸಿ, ಮುಖದ ತುಂಬ ನಗು ಇಟ್ಟುಕೊಂಡು ರಸ್ತೆಯನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ನಿಶ್ಮಿತಾ, ಸತ್ಯ ಹೇಳು. ಆ ದಿನ ನೀನು ಬಾಯಿ ಮುಚ್ಚಿದ್ದು ನಿಮಗೆಲ್ಲ ಹೀಗೆ ಒಂದು ಸಲ ವಾಪಸ್ ಬರ್ಬೇಕು ಅಂತಲಾ, ಅಥವಾ ಈ ಟೀಚರಿಗೆ ಗೆಲ್ಲುವ ಆಸೆ ಎಷ್ಟುಂಟು ಅಂತ ಕಂಡು ಪಾಪ ಅನ್ನಿಸಿಯಾ?”