ಎರಡು ಅರ್ಜಿಗೂ ನನ್ನದೇ ಸಹಿ

ಇಲ್ಲ ಎನ್ನುವುದು ಎರಡೇ ಅಕ್ಷರ. ಅರವತ್ತು ದಾಟಿದರೂ ಅದನ್ನು ಹೇಳುವುದು ನನಗೆ ಬಂದಿಲ್ಲ. ಸೊರಬದ ಶಾಲೆಯಲ್ಲಿ ಪಾಠ ಮಾಡಿ, ನಿವೃತ್ತನಾಗಿ ಶಿಕಾರಿಪುರದ ಹತ್ತಿರದ ನಮ್ಮೂರಿಗೆ ಬಂದಮೇಲೆ ಈ ಚಾಳಿ ಇನ್ನಷ್ಟು ಬಲಿತಿದೆ. ನಮ್ಮಲ್ಲಿ ಕಾಗದ ಹಿಡಿದು ಮನೆಗೆ ಬಂದವರನ್ನು ಕೂರಿಸಿ, ಚಹಾ ಕೊಟ್ಟು, ಸಹಿ ಹಾಕಿ ಕಳಿಸುವುದೇ ಮರ್ಯಾದೆ. ಓದಿ ಸಹಿ ಹಾಕಿದರೆ ಬಂದವರನ್ನು ಅನುಮಾನಿಸಿದ ಹಾಗೆ. "ನಿಮ್ಮ ಮರ್ಯಾದೆ ಯಾರ ಮನೆ ಮುಳುಗಿಸುತ್ತೋ" ಎಂದು ನನ್ನ ಹೆಂಡತಿ ಹೇಳುತ್ತಲೇ ಇದ್ದಳು. ಅದಕ್ಕೂ ಹೂಂ ಎಂದಿದ್ದೆ.

ಈ ಸಲದ ತಾಪತ್ರಯ ಶುರುವಾದದ್ದು ಕೆರೆ ಏರಿಯಿಂದ. ಪಂಚಾಯಿತಿಯವರು ಏರಿಯ ಮೇಲೆ ಕಲ್ಲುಬೆಂಚು ಹಾಕಿಸಿ, ಇನ್ನು ಕುರಿಗಳು ಏರಿ ಹತ್ತುವಂತಿಲ್ಲ ಎಂದು ಠರಾವು ಮಾಡಿದರು. ನೀರಿಗೆ ಇಳಿಯುವ ದಾರಿ ಇರುವುದೇ ಅಲ್ಲಿ. ಪಕ್ಕದ ಮನೆಯ ಹಾಲಮ್ಮನ ಬದುಕು ನಡೆಯುವುದು ಕುರಿಗಳಿಂದ. ಸಿಟ್ಟಿನಲ್ಲೇ ಬಂದಳು.

"ಮೇಷ್ಟ್ರೇ, ನೀರು ಕುಡಿಸಾಕೆ ಅಂಜನಾಪುರದ ಡ್ಯಾಮಿನ ತನಕ ಹೊಡಕಂಡು ಹೋಗ್ಲೇನ್ರೀ? ಹಿಂಗಾದ್ರೆ ಕುರಿ ಮಾರಾದೇ ಸೈ. ಒಂದು ಅರ್ಜಿ ಬರಕೊಡ್ರಿ."

ಠರಾವನ್ನು ಮತ್ತೆ ಚರ್ಚಿಸಲು ವಿಶೇಷ ಗ್ರಾಮಸಭೆ ಕರೆಯಬೇಕೆಂದು ಮತದಾರರ ಪರವಾಗಿ ದುಂಡಗೆ ಬರೆದೆ. ಮೊದಲ ಸಹಿಯನ್ನೂ ನಾನೇ ಹಾಕಿದೆ. ಸಾಕಷ್ಟು ಮತದಾರರ ಸಹಿಯಾದರೆ ಪಂಚಾಯಿತಿ ಸಭೆ ಕರೆಯಲೇಬೇಕು. ಹಾಲಮ್ಮ ನಾಲ್ಕು ದಿನ ಮನೆಮನೆ ಸುತ್ತಿದಳು. ಎಲ್ಲರೂ ಚಹಾ ಕೊಟ್ಟರು, ಎಲ್ಲರೂ ಸಹಿ ಹಾಕಿದರು.

ಐದನೆಯ ದಿನ ರುದ್ರಪ್ಪ ಬಂದರು. ಬೆಳಗಿನ ನಡಿಗೆಯಲ್ಲಿ ನನ್ನ ಜೊತೆಗಾರರು. ಬೆಂಚಿನ ಹತ್ತಿರ ಕುರಿ ಹಿಕ್ಕೆ ಕಂಡರೆ ಅವರ ದಿನವೇ ಕೆಟ್ಟಂತೆ. "ಏರಿ ಸ್ವಚ್ಛ ಇರ್ಲಿ ಅಂತ ಒಂದು ಕಾಗದ ಮಾಡೀವಿ ಸಾರ್, ನಿಮ್ದೊಂದು ಸಹಿ" ಎಂದರು. ಸ್ವಚ್ಛತೆ ಬೇಡ ಎನ್ನಲು ಯಾರಿಂದಾದೀತು? ಹಾಕಿದೆ. ಠರಾವು ಇದ್ದಂತೆಯೇ ಇರಲಿ ಎಂಬ ಸಾಲು ಎರಡನೆಯ ಪುಟದಲ್ಲಿತ್ತಂತೆ. ಊರವರೂ ನನ್ನಷ್ಟೇ ಮರ್ಯಾದಸ್ಥರು.

ಅರ್ಜಿ ಕೊಡಲು ಹಾಲಮ್ಮನ ಜೊತೆ ನಾನೂ ಹೋಗಿದ್ದೆ. ಪಂಚಾಯಿತಿಯ ಅಧಿಕಾರಿ ಎರಡೂ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಮತದಾರರ ಪಟ್ಟಿಯ ಮೇಲೆ ಬೆರಳಾಡಿಸಿದರು. "ನೋಡಮ್ಮ, ಎರಡೂ ಕಡೆ ಸಹಿ ಮಾಡಿದವರ ಹೆಸರು ಹೊಡೆದು ಹಾಕೀವಿ. ಉಳಿದದ್ದು ಸಾಲಲ್ಲ, ಸಭೆ ಕರೆಯಾಕೆ ಬರಲ್ಲ" ಎಂದು, ಹೊಡೆದು ಹಾಕಿದ ಹೆಸರುಗಳನ್ನು ಓದತೊಡಗಿದರು. ಮೊದಲನೆಯದು ನನ್ನದು. ಹಾಲಮ್ಮ ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗು ಕೊಡವಿಕೊಂಡು ಕುರಿಗಳ ಕಡೆಗೆ ಹೊರಟಳು. ನಾಚಿಕೆಯಿಂದ ಸತ್ತಂತಾಯಿತು.

ಮರುದಿನ ಮತ್ತೆ ಬಂದಳು. ಹಿಂದೆಯೇ ಕುರಿಗಳೂ ಬಂದವು. ಸಭೆ ನಡೆಯುವ ತನಕ ಅವು ನಮ್ಮ ಹಿತ್ತಲ ತೊಟ್ಟಿಯಲ್ಲೇ ನೀರು ಕುಡಿಯುತ್ತವೆ ಎಂದು ತಿಳಿಸಿದಳು, ಕೇಳಲಿಲ್ಲ, ತಿಳಿಸಿದಳು. ಈಗ ನನ್ನ ಬೆಳಗಿನ ನಡಿಗೆ ಬಾವಿಯಿಂದ ತೊಟ್ಟಿಗೆ, ತೊಟ್ಟಿಯಿಂದ ಬಾವಿಗೆ. ಸೊಂಟ ಹಿಡಿದುಕೊಂಡಿದೆ.

ಹೊಸ ಅರ್ಜಿಯನ್ನೂ ಬರೆದುಕೊಟ್ಟೆ. ಕೊನೆಗೆ ಸಹಿಗೆಂದು ಪೆನ್ನು ಊರುವಷ್ಟರಲ್ಲಿ ಹಾಲಮ್ಮ ಕಾಗದ ಎಳೆದುಕೊಂಡಳು.

"ನೀವು ಬರ್ದಿದ್ದು ಸಾಕ್ರಿ ಮೇಷ್ಟ್ರೇ. ಸಹಿ ಅಮ್ಮಾರು ಹಾಕ್ತಾರೆ."

ಹೋದ ಸಲ ಮನೆಗೊಂದು ಸಹಿ ಸಾಕೆಂದು ನನ್ನ ಹೆಂಡತಿಯನ್ನು ಯಾರೂ ಕೇಳಿರಲಿಲ್ಲ. ಅವಳು ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಪೂರ್ತಿ ಓದಿದಳು. ನನ್ನಿಂದ ಎರಡು ತಪ್ಪು ತಿದ್ದಿಸಿದಳು. ಆಮೇಲೆ ಸಹಿ ಹಾಕಿದಳು.