ಬುಕ್ಕಸಾಗರದಲ್ಲಿ ನಾನು ನಿಲ್ಲಿಸಿದ ಸೋರಿಕೆ

ಆ ಭಾನುವಾರ ಬೆಳಿಗ್ಗೆ ಡೈರಿಯಲ್ಲಿ ಹೀಗೆ ಬರೆದಿದ್ದೆ: “ಟೈರಿನ ಗಾಳಿ ಸರಿ. ಎ.ಸಿ. ಸರಿ. ಅಂಗಿಯ ಇಸ್ತ್ರಿ ಸರಿ. ತೊಂದರೆಯ ಸಂಭವ ಸೊನ್ನೆ.”

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಬಸಣ್ಣನವರನ್ನು ಹೊಸಪೇಟೆಗೆ ಕರೆತರುವ ಕೆಲಸ ನನ್ನದು. ಅವರು ನಮ್ಮ ಮನೆ ನೋಡಿ ಒಪ್ಪಿದರೆ ಮಗಳು ಗಿರಿಜೆಯನ್ನು ನನಗೆ ಕೊಡುವವರಿದ್ದರು. ಮಳೆ ನಿಂತು ಬಿಸಿಲು ಕಾದಿತ್ತು. ಗಾಳಿಯನ್ನು ಹಿಂಡಿದರೆ ಒಂದು ಕೊಡ ನೀರು ಬರುವಂಥ ಸೆಕೆ. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಎ.ಸಿ. ಜೋರಾಗಿ ಹಾಕಿದೆ.

“ಭಾಳ ಮಸ್ತ್ ಐತಿ ತಮ್ಮಾ” ಎಂದರು ಬಸಣ್ಣನವರು. ನನಗೊಂದು ಅಂಕ!

ಬುಕ್ಕಸಾಗರದಲ್ಲಿ ಚಹಾಕ್ಕೆ ಇಳಿದಾಗ ಕಾರಿನಡಿ ನೀರು ತೊಟ್ಟಿಕ್ಕುತ್ತಿತ್ತು. ಎಣಿಸಿದೆ: ನಿಮಿಷಕ್ಕೆ ಐವತ್ತೆರಡು ಹನಿ. ಬಸಣ್ಣನವರೂ ಬಗ್ಗಿ ನೋಡಿದರು.

“ಗಾಡೀನ ಹಿಂಗ ಸೋರ್ತೈತಿ. ಮನಿ ಮಾಳಗಿ ಹೆಂಗೈತೋ!”

ಮನೆಯ ಸೂರಿನ ಮೇಲೇ ಅನುಮಾನ; ಸಂಬಂಧವೇ ಸೋರಿಹೋಗುವ ಮಾತು! ಅವರ ಚಹಾ ಮುಗಿಯುವಷ್ಟರಲ್ಲಿ ಕಾರಿನಡಿ ತೆವಳಿದೆ. ಹನಿ ಬೀಳುತ್ತಿದ್ದ ಸಣ್ಣ ರಬ್ಬರ್ ಕೊಳವೆ ಸಿಕ್ಕಿತು. ಕರ್ಚೀಫು ಹರಿದು, ದೀಪದ ಬತ್ತಿಯಂತೆ ಹೊಸೆದು, ಅದರೊಳಗೆ ತುರುಕಿದೆ. ಹನಿಗಳ ಸಂಖ್ಯೆ: ಸೊನ್ನೆ!

“ಶಾಣ್ಯಾ ಅದಿ ಬಿಡು.”

ಬಸಣ್ಣನವರೇ ಜಾಣ ಎಂದರು: ಎರಡನೇ ಅಂಕ.

ಕಮಲಾಪುರದ ಹತ್ತಿರ ಬಸಣ್ಣನವರು ಅಂದರು, “ತಮ್ಮಾ, ಕಾಲು ತಣ್ಣಗಾಗಾಕತ್ತಾವು.”

“ಎ.ಸಿ. ಹಂಗೈತ್ರಿ ನಮ್ದು!”

ಮುಂದಿನ ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನಿಂದ ನೀರು ದಬದಬನೆ ಸುರಿದು ಅವರ ಬಿಳಿ ಧೋತರ ಮೊಣಕಾಲಿನವರೆಗೆ ತೊಯ್ದುಹೋಯಿತು.

“ನಿಲ್ಸಲೇ!”

‘ತಮ್ಮಾ’ ಹೋಗಿ ‘ಲೇ’ ಬಂದಿತ್ತು. ಎರಡೂ ಅಂಕಗಳನ್ನು ನಾನೇ ಹೊಡೆದುಹಾಕಿದೆ.

ಗಾಡಿ ನಿಲ್ಲಿಸಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಹನಿ ಬೀಳುವ ಕೊಳವೆ ಮುಚ್ಚಿಕೊಂಡಿದೆ, ನೀರು ಒಳಗೆ ಸುರಿಯುತ್ತಿದೆ ಎಂದೆ. ಸ್ಪೀಕರ್ ಹಾಕಿದ್ದು ಇನ್ನೊಂದು ತಪ್ಪು.

“ಅದು ಹಸಿ ಗಾಳ್ಯಾಗಿನ ನೀರ್ರಿ ಅಣ್ಣಾ. ಎ.ಸಿ. ಅದನ್ನ ಹಿಂಡಿ ಹೊರಗ ಹಾಕ್ತೈತಿ. ಸೋರಿದ್ರನ ಗಾಡಿ ಚಲೋ ಐತಂತ ಲೆಕ್ಕ. ಪೈಪಿಗೆ ಬೂಚ್ ಹಾಕಿದ ಶಾಣ್ಯಾ ಯಾರ್ರಿ?”

ಬಸಣ್ಣನವರು ನನ್ನನ್ನೇ ನೋಡಿದರು. ನಾನು ಫೋನ್ ಕಟ್ ಮಾಡಿದೆ. ಬತ್ತಿ ಕಿತ್ತೆಸೆದು, ಹೊಸಪೇಟೆಯತ್ತ ಗಾಡಿ ಓಡಿಸಿದೆ.

ಬಾಗಿಲಲ್ಲಿ ಅವ್ವ ತಂಬಿಗೆ ಹಿಡಿದು ನಿಂತಿದ್ದಳು. “ಬರ್ರಿ ಬೀಗರ, ಕಾಲಿಗೆ ನೀರು ತಗೋರಿ.”

“ಬ್ಯಾಡ ತಾಯಿ. ನಿಮ್ಮ ಮಗ ಕಮಲಾಪುರದಾಗ ಕೊಟ್ಟಾನ!”

ಅವ್ವ ಒಣ ಪಂಚೆ ತಂದುಕೊಟ್ಟಳು. ಅದನ್ನು ಉಟ್ಟುಕೊಂಡು ಒಂದೊಂದೇ ಕೋಣೆಯ ಸೂರನ್ನು ಕತ್ತೆತ್ತಿ ನೋಡಿ, ಬಸಣ್ಣನವರು ತೀರ್ಪು ಕೊಟ್ಟರು: “ಮಾಳಗಿ ಗಟ್ಟಿ ಐತಿ. ಹುಡುಗಿ ಕೊಡ್ತೀವಿ. ಆದ್ರ ಮುಂದ ಎಲ್ಲೇ ಏನ ಸೋರಿದ್ರೂ ಈತಗ ಮಾತ್ರ ಹೇಳಬ್ಯಾಡ್ರಿ.”

ಮದುವೆಯಾಯಿತು. ಮೊನ್ನೆ ಅಡುಗೆಮನೆಯ ನಳ ಸೋರತೊಡಗಿತು. ಗಿರಿಜೆ ಮೊದಲು ನನ್ನನ್ನು ಕೋಣೆಯೊಳಗೆ ಕೂಡಿಹಾಕಿ ಚಿಲಕ ಜಡಿದಳು. ಆಮೇಲೆ ಪ್ಲಂಬರನಿಗೆ ಫೋನ್ ಮಾಡಿದಳು.