ಗೋಡೆಗೆ ಮುಖ ಮಾಡಿ ಕುಳಿತ ಮನೆ

ಹೆದರುವುದು ನನ್ನ ಮುಖ್ಯ ಕಸುಬು, ನೌಕರಿ ಆಮೇಲಿನದು. ಆದರೂ ಸಿದ್ಧೇಶ್ವರ ಗುಡಿಯ ಹಿಂದೆ ನಾವಿದ್ದ ಬಾಡಿಗೆ ಮನೆಯನ್ನು ಮಾಲೀಕರು ಕೆಡವಲು ಹೊರಟಾಗ, ವಿಜಯಪುರವೆಲ್ಲ ಅಲೆದರೂ ಇನ್ನೊಂದು ಮನೆ ಸಿಗದಿದ್ದಾಗ, ನಾನು ಹೆದರಲಿಲ್ಲ. ತಿಕೋಟಾದಲ್ಲಿ ನಮ್ಮದೊಂದು ಅಂಗೈಯಗಲದ ಜಾಗವಿತ್ತು. ಕಾರ್ಖಾನೆಯಲ್ಲೇ ಇಡೀ ಮನೆ ತಯಾರಿಸಿ ಲಾರಿಯಲ್ಲಿ ಕಳಿಸುವವರ ನಂಬರೂ ಇತ್ತು. ಮುಂಜಾನೆ ಇಳಿಸಿದರೆ ಮಧ್ಯಾಹ್ನ ಒಲೆ ಹಚ್ಚಬಹುದು!

ಮನೆಯಲ್ಲೇ ಹೆಂಗಸರಿಗೆ ಜಂಪರ್, ರವಿಕೆ ಹೊಲಿದುಕೊಡುವ ನನ್ನ ಹೆಂಡತಿ ಶಾಂತಾಳದು ಒಂದೇ ಕೋರಿಕೆ.

"ಬಾಗಲಾ ರಸ್ತೆ ಕಡೆ ಇರ್ಲಿ. ಹೊಲಸಾಕ ಬರೋರಿಗೆ ನಾ ಕಾಣಬೇಕು. ಬ್ಯಾರೆ ಏನೂ ಕೇಳಂಗಿಲ್ಲ."

"ಅದೇನ್ ದೊಡ್ಡ ಮಾತು? ಆತ್ ಬಿಡು!"

ಮನೆ ಬಂತು. ಬಾಗಿಲು ದಕ್ಷಿಣದ ರಸ್ತೆಯತ್ತ ಇರುವಂತೆ ಕ್ರೇನು ಅದನ್ನು ಆಕಾಶಕ್ಕೆತ್ತಿತು. ಕೆಳಗೆ ಅರ್ಧ ಊರು ಸೇರಿತು.

"ದ್ರಾಕ್ಷಿ ಒಣಗಸಿ ಮಣೂಕ ಮಾಡೋ ಶೆಡ್ ಏನ್ರಿ ಇದು?" ಎಂದನೊಬ್ಬ.

"ಯಪ್ಪಾ, ತೆಂಕಣ ದಿಕ್ಕಿಗೆ ಬಾಗಲಾ? ಮನಿ ಯಜಮಾನ ಉಳ್ಯಂಗಿಲ್ಲ!" ಎಂದರು ಒಬ್ಬ ಮುದುಕರು.

ಯಜಮಾನ ನಾನೇ! ಬೆವತುಹೋದೆ. "ಪೂರ್ವಕ್ಕ ತಿರಗಸ್ರಿ!" ಮನೆ ಗಾಳಿಯಲ್ಲೇ ತಿರುಗಿತು.

"ಎದುರಿಗೆ ಕರೆಂಟ್ ಕಂಬ ಐತಲ್ರಿ. ಛಲೋ ಅಲ್ಲ."

"ಉತ್ತರಕ್ಕ!"

"ಅಲ್ಲಿ ಗಟಾರ ಐತಿ."

"ಹಂಗಾರ ಪಶ್ಚಿಮಕ್ಕ!"

"ರೀ, ರಸ್ತೆ..." ಎಂದಳು ಶಾಂತಾ. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ನಾನು ಗಂಭೀರವಾಗಿ ಕೈಯೆತ್ತಿದೆ. ಪಶ್ಚಿಮಕ್ಕೆ ಯಾರೂ ದೋಷ ಹೇಳಲಿಲ್ಲ. ಆ ಕಡೆ ಬಾಗಿಲಿಡುವಷ್ಟು ದಡ್ಡರನ್ನು ಅವರು ಕಂಡಿರಲಿಲ್ಲ, ಅಷ್ಟೆ.

"ಸಾಹೇಬ್ರ, ನಾ ಹೊನವಾಡಕ್ಕ ಇನ್ನೊಂದ್ ಕೆಲಸಕ್ಕ ಹೋಗಬೇಕ್ರಿ. ಇಳಸ್ಲ್ಯೋ ಬ್ಯಾಡೋ?" ಎಂದ ಕ್ರೇನಿನವ.

"ಇಳಸ್ರಿ!"

ಇಳಿಸಿದ. ಹೋದ. ನಾವು ಹಾಲಿನ ಪಾತ್ರೆ ಹಿಡಿದು ಬಾಗಿಲು ಹುಡುಕುತ್ತ ಮನೆಗೆ ಸುತ್ತು ಬಂದೆವು. ಬಾಗಿಲಿತ್ತು. ಪಕ್ಕದ ಬಸವ್ವನ ಕಾಂಪೌಂಡ್ ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗ! ಫೋನು ಮಾಡಿದರೆ, "ಎಂಟ್ ದಿನ ಕ್ರೇನ್ ಖಾಲಿ ಇಲ್ರಿ" ಎಂದ. ಸಾಮಾನು ಟೆಂಪೋದಲ್ಲಿತ್ತು. ಹಳೆಯ ಮನೆಯ ಮಾಳಿಗೆ ಅಷ್ಟರಲ್ಲಾಗಲೇ ಬಿದ್ದಿತ್ತು.

ಹೀಗೆ ನಮ್ಮ ಗೃಹಪ್ರವೇಶ ಕಿಟಕಿಯಿಂದ ನೆರವೇರಿತು. ಬಲಗಾಲು ಮೊದಲಿಡಬೇಕೆಂಬುದು ಶಾಸ್ತ್ರ; ನನ್ನ ತಲೆ ಮೊದಲು ಹೋಯಿತು, ಹೊಟ್ಟೆ ಹೋಗಲಿಲ್ಲ. ಹಿಂದಿನಿಂದ ಇಬ್ಬರು ನೂಕಿದರು. ಜನ ನಕ್ಕರು. ನನಗದು ಹೊಸದಲ್ಲ. ಆದರೆ ನಾಳೆ ಜಂಪರ್ ಹೊಲಿಸಲು ಬರಬೇಕಾದ ಹೆಂಗಸರ ಎದುರಿಗೇ ಶಾಂತಾ ಸೀರೆಯ ನೆರಿಗೆ ಎತ್ತಿಕಟ್ಟಿ ಸ್ಟೂಲು ಹತ್ತಿದಳು. ಅವಳು ಯಾರ ಮುಖವನ್ನೂ ನೋಡಲಿಲ್ಲ. ನಾನು ಅವಳ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬಸವ್ವ ಸುತ್ತಿಗೆ ಹಿಡಿದು ತನ್ನ ಗೋಡೆಯನ್ನು ತಾನೇ ಒಡೆಯಲು ನಿಂತಿದ್ದಳು.

"ದೊಡ್ಡ ಉಪಕಾರ ಆತ್ರಿ," ಎಂದೆ, ಕಿಟಕಿಯಿಂದ.

"ನಿಮ್ಮ ಸಲುವಾಗಿ ಅಲ್ರಿ. ಆ ತಂಗಿ ಕಿಡಕ್ಯಾಗ ಹತ್ತಿ ಇಳ್ಯೂದು ನೋಡಾಕ ಆಗವಲ್ದು. ನಮ್ಮ ಅಂಗಳದಾಗಿಂದನ ಓಡಾಡ್ಲಿ, ಹೊಲಸಾಕ ಬರೋರೂ ಬರ್ಲಿ. ಯಾವ ಕಡಿಂದ ಒಡೀಲಿ, ಹೇಳ್ರಿ?"

ನಾನು ಬಾಯಿ ತೆರೆದೆ.

"ಅವ್ರನ್ನ ಕೇಳಬ್ಯಾಡ್ರಿ, ಅಕ್ಕಾರ!" ಎಂದು ಒಳಗಿನಿಂದ ಶಾಂತಾ ಕೂಗಿದಳು.

ಬಾಯಿ ಮುಚ್ಚಿ, ಕಿಟಕಿಯಿಂದ ಇಳಿದು, ಒಡೆದ ಕಲ್ಲು ಬುಟ್ಟಿಗೆ ತುಂಬಿಕೊಂಡೆ. ಎಲ್ಲಿ ಚೆಲ್ಲಲಿ ಎಂದು ಶಾಂತಾಳನ್ನೇ ಕೇಳಿದೆ.